ಮಡಚಿದ ಸಂದಿ

"ನೋಡ್ರಪ್ಪಾ, ಆಚಾರಿ ಮಗ ಬಾಯಿ ಬಿಡ್ತಾ ಅವ್ನೆ," ಎಂದು ದನಿಗಾರ ಗುರುಶಾಂತಯ್ಯ ಕಟ್ಟೆಯ ಮೂಲೆಯಲ್ಲಿ ನಿಂತು ಇಡೀ ಊರಿಗೆ ಕೇಳುವ ಹಾಗೆ ಹೇಳಿದ. "ನೀರಿನಿಂದ ಎತ್ತಿ ಹಾಕಿದ ಮೀನಿನ ಹಂಗೆ. ಒಳಗೆ ಏನಾದ್ರೂ ಇದ್ದಿದ್ರೆ ಈಚೆಗೆ ಬರ್ತಿರಲಿಲ್ವಾ? ಅಪ್ಪನೂ ಖಾಲಿ ಪೆಟ್ಟಿಗೆ, ಮಗನೂ ಖಾಲಿ ಪೆಟ್ಟಿಗೆ."

ಜನ ನಕ್ಕರು. ನಗುವುದಕ್ಕೆ ನಮ್ಮೂರಲ್ಲಿ ಯಾರಿಗೂ ಅಡ್ಡಿಯಿಲ್ಲ, ನಗು ತೆಳುವು, ಅದು ಹಾರುತ್ತದೆ. ನಾನು ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದೆ. ಗುರುಶಾಂತಯ್ಯನ ತಾತ ಮುತ್ತಾತಂದಿರನ್ನೆಲ್ಲ ಹೆಸರು ಹಿಡಿದು ಎಳೆದು ತಂದು ಬೈಯುತ್ತಿದ್ದೆ. ಅದರಲ್ಲಿ ಒಂದೇ ಒಂದು ಮಾತೂ ಕೈಯಳತೆ ದಾಟಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅಪ್ಪನಿಗೆ ಮಾತ್ರ ಎಲ್ಲವೂ ಕೇಳಿಸಿತು. ಅವನು ನನ್ನ ರಟ್ಟೆ ಹಿಡಿದ.

"ಸಾಕು ಬಾ. ನಿನ್ನ ಬೈಗುಳವೆಲ್ಲ ನನ್ನ ಮೇಲೇ ಬೀಳ್ತಾ ಐತೆ."

ನಮ್ಮೂರಲ್ಲಿ ದಪ್ಪ ದನಿ ದೂರ ಹೋಗುವುದಿಲ್ಲ. ಬಾಯಿಂದ ಹೊರಟು ಒಂದು ತೋಳಿನಷ್ಟು ನಡೆದು ಕೆಳಗೆ ಬಿದ್ದುಬಿಡುತ್ತದೆ. ತೆಳು ದನಿ ಮಾತ್ರ ಬೇರೆ ಊರುಗಳಲ್ಲಿ ಹೋಗುವ ಹಾಗೆ ಹೋಗುತ್ತದೆ. ಹುಟ್ಟಿದಾಗಿನಿಂದ ಅಭ್ಯಾಸವಾದ್ದರಿಂದ ನಾವು ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವವರಲ್ಲ. ಮಿಂಚು ಕಂಡರೆ ಗುಡುಗಿಗೆ ಕಾಯುವುದಿಲ್ಲ. ಲಾರಿಗಳ ಮುಂದೆ ಗೆಜ್ಜೆಸರ ಕಟ್ಟುತ್ತೇವೆ, ಇಲ್ಲದಿದ್ದರೆ ಬೆನ್ನ ಹಿಂದೆ ಬಂದು ನಿಂತದ್ದೂ ಗೊತ್ತಾಗುವುದಿಲ್ಲ. ಮನೆ ಕಾಯುವುದಕ್ಕೆ ಸಣ್ಣ ಜಾತಿಯ ನಾಯಿಯನ್ನೇ ಸಾಕುತ್ತೇವೆ. ದೊಡ್ಡ ನಾಯಿ ಬೊಗಳಿದರೆ ಆಕಳಿಸಿದ ಹಾಗೆ ಕಾಣುತ್ತದೆ. ಮದುವೆಗೆ ಡೋಲಿನವನು ಬಂದರೆ ಜನ ಅವನ ಕೈಯನ್ನು ನೋಡುತ್ತಾರೆ, ಅಷ್ಟೆ. ದಪ್ಪ ದನಿಯ ಗಂಡಸನ್ನು ಕಟ್ಟಿಕೊಂಡ ಹೆಂಗಸು ಅಕ್ಕಿ ಆರಿಸುವುದಿದ್ದರೂ ಮೊರ ಹಿಡಿದು ಅವನ ಪಕ್ಕಕ್ಕೇ ಬಂದು ಕೂರುತ್ತಾಳೆ. ಹೊರಗಿನಿಂದ ಬಂದವರು ನೋಡಿ, ಎಂಥ ಅನ್ಯೋನ್ಯ ಅನ್ನುತ್ತಾರೆ.

ನನ್ನ ದನಿ ಹದಿಮೂರರಲ್ಲಿ ಒಡೆಯಿತು. ಅಲ್ಲಿಯವರೆಗೆ ಇಡೀ ಶಾಲೆಗೆ ಕೇಳುವ ಹಾಗೆ ಮಗ್ಗಿ ಒಪ್ಪಿಸುತ್ತಿದ್ದವನು ನಾನು. ಒಂದು ಸೋಮವಾರ ಮೇಷ್ಟ್ರು ಹಾಜರಿ ಕರೆದಾಗ ಹಿಂದಿನ ಬೆಂಚಿನಿಂದ ಕೂಗಿದ "ಹಾಜರ್ ಸಾರ್" ಮುಂದಿನ ಬೆಂಚಿಗೂ ಮುಟ್ಟಲಿಲ್ಲ. ಕೈ ಎತ್ತಬಹುದಿತ್ತು. ದಪ್ಪ ದನಿಯ ಉಳಿದ ಹುಡುಗರೆಲ್ಲ ಎತ್ತುತ್ತಿದ್ದರು. ನಾನು ಎತ್ತಲಿಲ್ಲ. ಕೂಗಿದ ಮೇಲೆ ಕೈ ಯಾಕೆ ಎತ್ತಬೇಕು ಎಂಬ ಸಿಟ್ಟು. ಬೆಂಚಿನ ಮೇಲೆ ಕೂತುಕೊಂಡೇ ತೊಂಬತ್ತು ದಿನ ಗೈರುಹಾಜರಾದೆ, ಆಮೇಲೆ ಹೆಸರು ಹೊಡೆದುಹಾಕಿದರು. ಅಪ್ಪನ ಮರಗೆಲಸದ ಶೆಡ್ಡಿಗೆ ಬಂದು ಉಳಿ ಹಿಡಿದೆ. ಉಳಿಯ ಮೇಲೆ ಕೊಡತಿ ಬಿದ್ದರೆ ಊರಿಗೆಲ್ಲ ಕೇಳಿಸುತ್ತದೆ. ಅದೊಂದು ಸಮಾಧಾನ.

ಕಟ್ಟೆಯ ಪದ್ಧತಿಯನ್ನೂ ಹೇಳಿಬಿಡುತ್ತೇನೆ. ಹುಣ್ಣಿಮೆಯ ದಿನ ಬೆಳಿಗ್ಗೆ ಊರು ಕಟ್ಟೆಯ ಮುಂದೆ ಸೇರುತ್ತದೆ. ಕಟ್ಟೆಯಿಂದ ಬಯಲಿಗೆ ಸಾಲಾಗಿ ಏಳು ಕಲ್ಲುಕಂಬ. ಏಳನೆಯ ಕಂಬದ ಬುಡದಲ್ಲಿ ತಿಪ್ಪಮ್ಮಕ್ಕ ಪುಸ್ತಕ ಬಿಚ್ಚಿಕೊಂಡು ಕೂರುತ್ತಾಳೆ. ಕಟ್ಟೆಯ ಮೇಲೆ ಆಡಿದ್ದು ಅವಳ ಕಿವಿಗೆ ಬಿದ್ದರೆ ಅದು ಮಾತು, ಬರೆದುಕೊಳ್ಳುತ್ತಾಳೆ. ಬೀಳದಿದ್ದರೆ ಆಡಿಯೇ ಇಲ್ಲ. ದಪ್ಪ ದನಿಯವರ ಮಾತನ್ನು ದನಿಗಾರ ಆಡಬೇಕು. ಮನೆಯ ಹೆಂಗಸರು ಆಡುವ ಹಾಗಿಲ್ಲ, ಮನೆಯವರಾದರೆ ತಮಗೆ ಬೇಕಾದ್ದನ್ನು ಸೇರಿಸುತ್ತಾರಂತೆ. ದನಿಗಾರಿಕೆ ಗುರುಶಾಂತಯ್ಯನ ವಂಶದ್ದು. ನಾವು ಅವನ ಕಿವಿಯಲ್ಲಿ ಹೇಳುತ್ತೇವೆ, ಅವನು ಹೋಗಿ ಮೂಲೆಯಲ್ಲಿ ನಿಂತು ಊರಿಗೆ ಹೇಳುತ್ತಾನೆ. ಅವನ ಅಪ್ಪ, ತಾತ ಎಲ್ಲ ಅದೇ ಮೂಲೆಯಲ್ಲಿ ನಿಂತವರು. ಅಲ್ಲಿ ಕಲ್ಲು ಎರಡು ಪಾದದ ಅಳತೆಗೆ ಸವೆದಿದೆ. ಅವನ ಗಂಟಲು ಯಾರಿಗೂ ಸಿಗದ ಗಂಟಲು ಎಂದು ಜನ ಹೇಳುತ್ತಿದ್ದರು. ಅವನು ಮೊಸರು ಮುಟ್ಟುತ್ತಿರಲಿಲ್ಲ, ಬಾಯಲ್ಲಿ ಸದಾ ಕಲ್ಲುಸಕ್ಕರೆ. ಗಂಟಲು ಕಾಯಬೇಕೆಂದು ಆ ಮೂಲೆ ಬಿಟ್ಟು ಬೇರೆಲ್ಲೂ ಬಾಯಿ ಬಿಡುತ್ತಿರಲಿಲ್ಲ.

ಆ ಹುಣ್ಣಿಮೆಗೆ ಬಂದದ್ದು ಸೊಟ್ಟ ಸಂದಿಯ ವಿಷಯ. ನಮ್ಮ ಶೆಡ್ಡಿನ ಹಿಂದಿನಿಂದ ಶುರುವಾಗಿ ನಾಲ್ಕು ಕಡೆ ತಿರುಗಿ ಗಾಣದ ಬಯಲಿಗೆ ಬಂದು ಬೀಳುವ ಓಣಿ ಅದು. ಅದನ್ನು ನೇರ ಮಾಡಿ ರಸ್ತೆ ಹಾಕಬೇಕೆಂದು ಊರಿನ ಕೆಲವರ ಆಸೆ. ನೇರ ಮಾಡಿದರೆ ಹನ್ನೊಂದು ಮನೆ ಹೋಗುತ್ತವೆ, ನಮ್ಮ ಶೆಡ್ಡೂ ಹೋಗುತ್ತದೆ. ಸಂದಿಯವರೆಲ್ಲ ಅಪ್ಪನಿಗೆ ಮಾತು ಒಪ್ಪಿಸಿದ್ದರು, ಹಿರಿಯ ಅಂತ. ಅಪ್ಪ ಗುರುಶಾಂತಯ್ಯನ ಕಿವಿಯಲ್ಲಿ, "ನಮಗೆ ಒಪ್ಪಿಗೆಯಿಲ್ಲ ಅಂತ ಹೇಳಿ ಸ್ವಾಮಿ," ಅಂದ. ನಾನು ಕೇಳಿಸಿಕೊಂಡೆ. ಗುರುಶಾಂತಯ್ಯ ಮೂಲೆಗೆ ಹೋಗಿ, "ಸೊಟ್ಟ ಸಂದಿಯವರ ಪರವಾಗಿ ನಂಜುಂಡಾಚಾರಿ ಒಪ್ಪವ್ನೆ," ಎಂದ. ಗುರುಶಾಂತಯ್ಯ ಕಟ್ಟಿಸುತ್ತಿದ್ದ ಹೊಸ ಮನೆ ಸಂದಿಯ ಹಿಂದೆ ಇತ್ತು, ಅಲ್ಲಿಗೆ ಗಾಡಿ ಹೋಗುತ್ತಿರಲಿಲ್ಲ. ತಿಪ್ಪಮ್ಮಕ್ಕ ಬರೆದುಕೊಂಡಳು. ಅಪ್ಪ "ಇಲ್ಲ ಇಲ್ಲ" ಅನ್ನುತ್ತ ಕೈಯಾಡಿಸಿದ. ದೂರದವರಿಗೆ ಅದು ನೊಣ ಓಡಿಸಿದ ಹಾಗೆ ಕಂಡಿರಬೇಕು. ಆಗಲೇ ನಾನು ಕಿರುಚಿದ್ದು, ಅವನು ಮೀನು ಅಂದದ್ದು.

ಬರೆದ ಮಾತನ್ನು ಮೂರು ಹುಣ್ಣಿಮೆಯೊಳಗೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಆದರೆ ಯಾರ ಮಾತೋ ಅವರ ಬಾಯಿಂದಲೇ ಏಳನೇ ಕಂಬಕ್ಕೆ ಮುಟ್ಟಬೇಕು. ಹಾಗೆ ಹಿಂದಕ್ಕೆ ತೆಗೆದುಕೊಂಡವರು ನಮ್ಮೂರಲ್ಲಿ ಯಾರೂ ಇರಲಿಲ್ಲ, ಹೇಗೆ ಇರುತ್ತಾರೆ.

ಅಪ್ಪನ ಕೈ ಕೊಡವಿ ನಾನು ಸಂದಿಗೆ ನುಗ್ಗಿದೆ. ಅದರ ಶುರುವಿನಲ್ಲಿ ಒಬ್ಬ ಮನುಷ್ಯ ಓರೆಯಾಗಿ ಹೋಗುವಷ್ಟೇ ಜಾಗ. ಎರಡೂ ಗೋಡೆಗೆ ಕೈ ಕೊಟ್ಟು ನಿಂತು, ಕಟ್ಟೆಯಲ್ಲಿ ಉಳಿದುಹೋಗಿದ್ದ ಬೈಗುಳವನ್ನೆಲ್ಲ ಅಲ್ಲಿ ಸುರಿದೆ. ಆಮೇಲೆ ನಾಲ್ಕು ತಿರುವು ದಾಟಿ ಆಚೆ ಬಂದರೆ, ಸಂದಿಯ ಬಾಯಲ್ಲೇ ಅಂಗಡಿ ಇಟ್ಟುಕೊಂಡಿದ್ದ ಮೈಕ್‌ಸೆಟ್ಟಿನ ಹಯಾತಣ್ಣ ವೈರು ಸುತ್ತುತ್ತ ನನ್ನನ್ನೇ ನೋಡುತ್ತಿದ್ದ.

"ಏನಪ್ಪಾ ಕಾಳಿಂಗ, ಗುರುಶಾಂತಯ್ಯನ ಮುತ್ತಾತನ್ನೂ ಬಿಡ್ಲಿಲ್ವಲ್ಲ. ಪಾಪ, ಆಯಪ್ಪ ಸತ್ತು ಎಷ್ಟು ವರ್ಷ ಆಯ್ತು."

ನಾನು ನಿಂತೆ. "ನಿಂಗೆ ಹೆಂಗೆ ಕೇಳಿಸ್ತು?"

"ಹೆಂಗೆ ಅಂದ್ರೆ? ಕಿವೀಲಿ ಕೇಳಿಸ್ತು."

"ನಾನು ಆ ತುದೀಲಿದ್ದೆ ಹಯಾತಣ್ಣ."

"ಅಲ್ಲಿ ಸಂದಿಗೆ ಮೂತಿ ಇಟ್ಕೊಂಡು ಎಮ್ಮೆ ಮಲಗಿದ್ರೆ ಅದು ಮೆಲುಕು ಹಾಕೋದೂ ಕೇಳುತ್ತೆ ನಂಗೆ. ದಿನಾ ಕೇಳುತ್ತೆ."

"ಮತ್ತೆ ಯಾರಿಗೂ ಹೇಳ್ಲೇ ಇಲ್ವಲ್ಲ?"

"ಏನಂತ ಹೇಳ್ಲಿ? ಎಮ್ಮೆ ಮೆಲುಕು ಹಾಕ್ತು ಅಂತಲಾ?"

ಅವನದೂ ದಪ್ಪ ದನಿಯೇ, ಅವನನ್ನು ಆ ತುದಿಗೆ ಕಳಿಸಿ ಮಾತಾಡು ಅಂದೆ. ಕೇಳಿಸಿತು. ನಾನು ಅಂಗಡಿಯಿಂದ ಹತ್ತು ಹೆಜ್ಜೆ ಬಯಲಿಗೆ ಹೋದೆ, ಆಗಲೂ ಕೇಳಿಸಿತು. ಇಪ್ಪತ್ತು ಹೆಜ್ಜೆಗೆ ಸಣ್ಣಗಾಯಿತು, ಆದರೂ ಇತ್ತು. ಹಯಾತಣ್ಣ ಅಲ್ಲಿಂದ ಬೀಡಿಯ ರೇಟು, ಮಳೆ, ತನ್ನ ಮೊಣಕಾಲು ನೋವು ಎಲ್ಲವನ್ನೂ ಹೇಳುತ್ತಿದ್ದ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಮರದ ಗಂಟಿನೊಳಗೆ ಉಳಿ ಸಿಕ್ಕಿಕೊಂಡಾಗ, ಇದು ಹೆಂಗೆ ಹೋಗ್ತಾ ಐತೆ ಎಂದು ಬಗ್ಗಿ ನೋಡುತ್ತೇವಲ್ಲ, ಹಾಗೆ ಬಗ್ಗಿದ್ದೆ.

ಮಾರನೆಯ ದಿನ ದಾರ ತಂದು ಸಂದಿಯನ್ನು ಅಳೆದೆ. ಶುರುವಿನಲ್ಲಿ ಎರಡು ಗೇಣು. ಮೊದಲನೇ ತಿರುವಿನ ಹೊತ್ತಿಗೆ ಮೂರು. ಎರಡನೆಯದರಲ್ಲಿ ಐದು, ಮೂರನೆಯದಕ್ಕೆ ಎಂಟು, ಆಮೇಲೆ ಹದಿಮೂರರ ಹತ್ತಿರ, ಬಾಯಲ್ಲಿ ಇಪ್ಪತ್ತು ಗೇಣು ಮೀರಿತ್ತು. ಎಲ್ಲೂ ಒಮ್ಮೆಲೇ ಅಗಲವಾಗಿರಲಿಲ್ಲ. ಯಾರೂ ಯೋಚನೆ ಮಾಡಿ ಕಟ್ಟಿದ್ದಲ್ಲ ಅದು; ಒಬ್ಬ ಗೋಡೆ ಹಾಕಿದ, ಪಕ್ಕದವನು ಜಗಳಾಡಿ ಅರ್ಧ ಗೇಣು ಹಿಂದಕ್ಕೆ ಹಾಕಿದ, ಹಾಗೇ ಆಗಿಹೋಗಿತ್ತು. ದಪ್ಪ ದನಿಯನ್ನು ಕೈಬಿಡದೆ, ಎರಡು ಕಡೆಯಿಂದಲೂ ಹಿಡಿದುಕೊಂಡು, ಸ್ವಲ್ಪ ಸ್ವಲ್ಪವೇ ಸಡಿಲ ಮಾಡುತ್ತ ಬಂದರೆ ಅದು ಬೀಳುವುದಿಲ್ಲ. ನನಗೆ ತಿಳಿದದ್ದು ಇಷ್ಟೇ. ಈ ಅಳತೆಯನ್ನೆಲ್ಲ ಒಂದು ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಎಳೆದೆ, ಒಂದು ಗೇಣಿಗೆ ಎರಡು ಬೆರಳಿನ ಲೆಕ್ಕದಲ್ಲಿ. ನೇರವಾಗಿ ಎಳೆದರೆ ಎಂಟು ಅಡಿಯ ಕೊಳವೆಯಾಗುತ್ತಿತ್ತು. ಅದನ್ನು ಹೊತ್ತು ಯಾರು ಹೋಗುತ್ತಾರೆ? ಹಾಗಾಗಿ ಸಂದಿ ತಿರುಗಿದ ಹಾಗೆಯೇ ತಿರುಗಿಸಿ, ಹಿಂದಕ್ಕೂ ಮುಂದಕ್ಕೂ ಮಡಚಿ, ಎದೆಯೆತ್ತರದ ಒಂದು ಪೆಟ್ಟಿಗೆಯೊಳಗೆ ಕೂರಿಸಿದೆ.

ಅಪ್ಪ ಬಂದು ಹಿಂದೆ ನಿಂತು ಬಹಳ ಹೊತ್ತು ನೋಡಿದ.

"ಸಂದೀನ ಮಡಚ್ತಾ ಇದ್ದೀಯಾ?"

"ಹೂಂ."

"ಮಡಚಿ?"

"ಕಟ್ಟೆಗೆ ಹೊತ್ಕೊಂಡು ಹೋಗ್ತೀನಿ."

ಅಪ್ಪ ಪೆನ್ಸಿಲು ತೆಗೆದುಕೊಂಡು ಪ್ರತಿ ತಿರುವಿನ ಹೊರಮೂಲೆಗೂ ಒಂದೊಂದು ಓರೆಗೆರೆ ಹಾಕಿದ. "ಇಲ್ಲಿ ಓರೆ ಹಲಗೆ ಕೊಡು. ಕುರುಡ ಓಡಿ ಬಂದಂಗೆ ಬರ್ತದೆ ದನಿ, ಮೂಲೆಗೆ ಹಣೆ ಚಚ್ಚಿಕೊಳ್ತದೆ." ಅವನು ನನ್ನ ಕೆಲಸವನ್ನು ಒಪ್ಪಿಕೊಂಡದ್ದು ಹೀಗೆ.

ಪೆಟ್ಟಿಗೆಯ ಗಂಟಲಿಗೆ ದನಿ ಬೇಕಲ್ಲ. ಹಯಾತಣ್ಣನ ಅಂಗಡಿಯಲ್ಲಿ ಹದಿನೈದು ಇಂಚಿನ ಸ್ಪೀಕರೊಂದು ಇತ್ತು. ಬೇರೆ ಊರಿನಲ್ಲಿ ಯಾರೋ ಹೊಗಳಿದರೆಂದು ತಂದು ಮೋಸಹೋಗಿದ್ದ. ನಮ್ಮೂರಲ್ಲಿ ಅದು ಮೂಕ. ಹಾಡುತ್ತಿದೆಯೋ ಇಲ್ಲವೋ ತಿಳಿಯಲು ಅವನು ಅದನ್ನು ಅಂಗಾತ ಮಲಗಿಸಿ ಕಾಗದದ ಬಟ್ಟಲಿನಲ್ಲಿ ನಾಲ್ಕು ಕರಿಮೆಣಸು ಹಾಕುತ್ತಿದ್ದ. ಮೆಣಸು ಕುಣಿದರೆ ಹಾಡು ಇದೆ ಎಂದರ್ಥ. ಹಬ್ಬದ ದಿನ ಮಕ್ಕಳು ಮೆಣಸಿನ ಕುಣಿತ ನೋಡಲು ಬರುತ್ತಿದ್ದರು. "ತಗೊಂಡು ಹೋಗು," ಅಂದ. "ಮೆಣಸು ಮಾತ್ರ ವಾಪಸ್ ಕೊಡು."

ಮೊದಲನೆಯ ಪೆಟ್ಟಿಗೆಯನ್ನು ಹಣ್ಣಿನ ಪೆಟ್ಟಿಗೆಗಳ ಮಾವಿನ ಹಲಗೆಯಲ್ಲಿ ಮಾಡಿದೆ, ಅವಸರದಲ್ಲಿ, ಐದೇ ದಿನಕ್ಕೆ. ಮೈಕಿಗೆ "ಹಲೋ" ಅಂದರೆ ಹಲಗೆಗಳೇ ಗಡಗಡ ನಡುಗಿದವು. ಕೈಯಿಟ್ಟರೆ ಅಂಗೈ ಜುಮ್ಮೆನ್ನುತ್ತಿತ್ತು, ಕಿವಿಯಿಟ್ಟರೆ ಏನೂ ಇಲ್ಲ. ದನಿಯನ್ನೆಲ್ಲ ಹಲಗೆ ತಾನೇ ತಿಂದುಬಿಟ್ಟಿತ್ತು. ನಾನು ಅದನ್ನು ಕೊಡಲಿ ತೆಗೆದುಕೊಂಡು ಸೌದೆ ಮಾಡಿದೆ. ಅವ್ವ ಅದರಲ್ಲಿ ಎರಡು ದಿನ ಮುದ್ದೆ ಬೇಯಿಸಿದಳು. "ಹದವಾಗಿ ಉರೀತು ಕಣೋ, ಇನ್ನೊಂದು ಮಾಡು," ಅಂದಳು.

ಎರಡನೆಯದಕ್ಕೆ ಮುಕ್ಕಾಲಿಂಚಿನ ಪ್ಲೈವುಡ್ ತಂದೆವು. ಒಳಗೆ ಸಂದಿಯ ಗೋಡೆಗಳ ನಡುವೆ ಅಲ್ಲಲ್ಲಿ ಅಡ್ಡಪಟ್ಟಿ ಕೊಟ್ಟು ಬಿಗಿದೆವು. ಮಾತು ಬಂತು, ಆದರೆ ಗಂಟಲು ಕಟ್ಟಿದವನ ಮಾತು. ಸ್ಪೀಕರಿನ ಬೆನ್ನಿಗೆ ಒಂದು ಸಣ್ಣ ಕೋಣೆ ಮಾಡಿ ಮುಚ್ಚಿದ್ದೆ. ಅಲ್ಲೆಲ್ಲೋ ಗಾಳಿ ಸೋರುತ್ತಿದೆ ಎಂದು ಅಪ್ಪನಿಗೆ ಅನುಮಾನ. ಅವ್ವನ ದೇವರ ಗೂಡಿನಿಂದ ಊದುಬತ್ತಿ ತಂದು ಹಚ್ಚಿ, ನಾನು ಮೈಕಿಗೆ ಗುಂಯ್‌ಗುಡುತ್ತಿದ್ದರೆ ಅವನು ಹೊಗೆಯನ್ನು ಹಲಗೆ ಹಲಗೆ ಸೇರುವ ಒಂದೊಂದು ಕೂಡಿಗೂ ಹಿಡಿಯುತ್ತ ಹೋದ. ಹಿಂಬದಿಯ ಕೆಳಗಿನ ಕೂಡಿನಲ್ಲಿ ಹೊಗೆ ಬೆಚ್ಚಿ ಪಕ್ಕಕ್ಕೆ ಹಾರಿತು. ಒಂದು ಕೂದಲೆಳೆಯ ಸಂದು. ಅದು ನಾನು ಮಾಡಿದ ಕೂಡು. "ಇಲ್ಲಿ ನೀನು ಯಾರನ್ನೋ ಬೈಕೊಳ್ತಾ ರಂದ ಹೊಡೆದಿದ್ದೀಯ," ಅಂದ ಅಪ್ಪ. ನಿಜ, ಬೈಕೊಳ್ಳುತ್ತಿದ್ದೆ. ಗೋಂದಿಗೆ ಮರದ ಹೊಟ್ಟು ಕಲಸಿ ಮೆತ್ತಿದೆವು. ಹೊಗೆ ನೆಟ್ಟಗೆ ನಿಂತಿತು.

ಅಷ್ಟು ಹೊತ್ತಿಗೆ ಎರಡು ಹುಣ್ಣಿಮೆ ಕಳೆದಿದ್ದವು. ನೇರ ರಸ್ತೆಯ ಗುರುತಿಗೆ ನಮ್ಮ ಶೆಡ್ಡಿನ ಗೋಡೆಯ ಮೇಲೆ ಸುಣ್ಣದ ಗೆರೆ ಬಂದಿತ್ತು.

ಪೆಟ್ಟಿಗೆಯನ್ನು ಶೆಡ್ಡಿನ ಮೂಲೆಗೆ ತಳ್ಳಿ ಒರಗಿಸಿದ್ದೆವು, ಕೆಲಸಕ್ಕೆ ಜಾಗ ಬೇಕಿತ್ತು. ಅವ್ವ ಬಾವಿಗೆ ಹೋಗಿದ್ದಳು. ಬಾವಿ ಮೂರು ಬೀದಿ ಆಚೆ. ಅಪ್ಪನ ಕೈಗೆ ಮೈಕು ಕೊಟ್ಟು ಏನಾದರೂ ಹೇಳು ಅಂದೆ. ಅವನು ಮೈಕನ್ನು ತಿರುಗಿಸಿ ಮುರುಗಿಸಿ ನೋಡಿ ಕಡೆಗೆ, "ಪುಟ್ಟತಾಯಿ, ಒಂದೇ ಕೊಡ ಸಾಕು, ಸೊಂಟ ನೋವು ಅಂತಿದ್ದೆ," ಅಂದ.

ಅವ್ವ ಖಾಲಿ ಕೈಯಲ್ಲಿ ಬಂದಳು. ಕೊಡವನ್ನು ಅಲ್ಲೇ ಬಿಟ್ಟಿದ್ದಳು. ಬಾಗಿಲಲ್ಲಿ ನಿಂತಳು, ಒಳಗೆ ಬರಲಿಲ್ಲ.

"ಯಾರದು ಕರೆದದ್ದು?"

"ನಾನೇ," ಅಂದ ಅಪ್ಪ. ಮೈಕಿಲ್ಲದೆ ಅಂದದ್ದರಿಂದ ಅವಳಿಗೆ ಕೇಳಲಿಲ್ಲ. ಅವಳು ಕೈಯಳತೆಗೆ ಬಂದು ನಿಂತಳು.

"ಇಪ್ಪತ್ತೆರಡು ವರ್ಷ ಆಯ್ತು," ಅಂದಳು. "ದೂರದಿಂದ ಕೇಳಿದ್ರೆ ನಿಮ್ಮ ದನಿ ಬೇರೆ ಥರ ಐತೆ. ಇಷ್ಟು ದಿನ ಯಾರ ಜೊತೆ ಸಂಸಾರ ಮಾಡ್ದೆ ನಾನು?" ನಗುತ್ತಿದ್ದಳೋ ಅಳುತ್ತಿದ್ದಳೋ ನಾನು ನೋಡಲು ಹೋಗಲಿಲ್ಲ, ಸ್ಯಾಂಡ್‌ಪೇಪರ್ ಹಿಡಿದು ಪೆಟ್ಟಿಗೆಯ ಅಂಚು ಉಜ್ಜತೊಡಗಿದೆ.

ಮೂರನೆಯ ಹುಣ್ಣಿಮೆಯ ಬೆಳಿಗ್ಗೆ ಗೆಜ್ಜೆ ಕಟ್ಟಿದ ಟೆಂಪೋದಲ್ಲಿ ಪೆಟ್ಟಿಗೆ ಹೊರಟಿತು. ಹಯಾತಣ್ಣ ಬ್ಯಾಟರಿ, ಆಂಪ್ಲಿಫೈಯರ್ ತೊಡೆಯ ಮೇಲೆ ಇಟ್ಟುಕೊಂಡು ಕೂತ. ಕಟ್ಟೆಯ ನಟ್ಟನಡುವೆ, ಕಂಬಸಾಲಿಗೆ ಸರಿಯಾಗಿ ಇಳಿಸಿದೆವು. ಊರೆಲ್ಲ ನೋಡಬೇಕೆಂದು ಅದರ ಬಾಯಿಗೆ ಮೂರು ಸಲ ಪಾಲಿಶ್ ಕೊಟ್ಟಿದ್ದೆ.

"ಏನ್ಲಾ ಇದು," ಅಂದ ಗುರುಶಾಂತಯ್ಯ ತನ್ನ ಮೂಲೆಯಿಂದ. "ಅಂದೆ ಅಂತ ನಿಜವಾಗ್ಲೂ ಖಾಲಿ ಪೆಟ್ಟಿಗೆ ಮಾಡ್ಕೊಂಡು ಬಂದವ್ನೆ ನೋಡ್ರಪ್ಪಾ."

ಅಪ್ಪ ಮೈಕು ಹಿಡಿದ. ಹಯಾತಣ್ಣ ಗುಂಡಿ ತಿರುಗಿಸಿದ. ಅಪ್ಪನ ತುಟಿ ಆಡಿತು. ನಾನು ಏಳನೇ ಕಂಬದ ಕಡೆ ನೋಡಿದೆ. ತಿಪ್ಪಮ್ಮಕ್ಕ ಪೆನ್ನಿನ ಮುಚ್ಚಳವನ್ನೇ ತೆಗೆದಿರಲಿಲ್ಲ. ಮೊದಲನೆಯ ಕಂಬದ ಬಳಿ ಕೂತವರು ಕಿವಿಗೆ ಕೈಕೊಟ್ಟು ಏನೋ ಗುಣುಗಿದ್ದು ಕೇಳಿದವರ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೇ ಕಂಬದವರು ಕಡ್ಲೆಕಾಯಿ ಸುಲಿಯುತ್ತಿದ್ದರು. ಗುಂಡಿಯನ್ನು ಕೊನೆತನಕ ತಿರುಗಿಸಿದರೂ ಅಷ್ಟೆ. ಮಾತು ಪೆಟ್ಟಿಗೆಯ ಬಾಯಿಂದ ಹೊರಗೆ ಬಂದು ಕಟ್ಟೆಯ ಮೇಲೇ ಬಿದ್ದುಹೋಗುತ್ತಿತ್ತು. ಜನ ನಗಲು ಶುರು ಮಾಡಿದರು. ಕೊಡಲಿ ಎಲ್ಲಿದೆ ಎಂದು ಹುಡುಕುವಷ್ಟು ಸಿಟ್ಟು ಬಂತು.

ಅಪ್ಪ ಜನರ ಕಡೆ ನೋಡಲೇ ಇಲ್ಲ. ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, ನನ್ನ ಹತ್ತಿರ ನಿಂತು, ಶೆಡ್ಡಿನಲ್ಲಿ ಕೇಳುವ ಹಾಗೆ ಮೆಲ್ಲಗೆ ಕೇಳಿದ: "ಅಲ್ಲಿ ಮಾತಾಡ್ತು. ಇಲ್ಲಿ ಮಾತಾಡ್ತಾ ಇಲ್ಲ. ಅಲ್ಲಿ ಏನಿತ್ತು, ಇಲ್ಲಿ ಏನಿಲ್ಲ?"

ಅಲ್ಲಿ ಏನಿತ್ತು? ಅದೇ ಪೆಟ್ಟಿಗೆ, ಅದೇ ಸ್ಪೀಕರ್, ಅದೇ ಅಪ್ಪ. ಅಲ್ಲಿ ರಂದದ ಹೊಟ್ಟು ಇತ್ತು, ಅರ್ಧ ಮಾಡಿದ ಮಂಚ ಇತ್ತು. ಪೆಟ್ಟಿಗೆಯನ್ನು ಜಾಗ ಸಾಲದೆ ಮೂಲೆಗೆ ತಳ್ಳಿದ್ದೆವು. ಎರಡು ಗೋಡೆ, ಕೆಳಗೆ ನೆಲ. ಸಂದಿಯ ಬಾಯಿ ಇಪ್ಪತ್ತು ಗೇಣು ಇತ್ತು, ಅದನ್ನು ಮಡಚುವಾಗ ಟೆಂಪೋದಲ್ಲಿ ಹಿಡಿಸಲೆಂದು ಬಾಯನ್ನು ನಾನು ಕತ್ತರಿಸಿದ್ದೆ. ಕತ್ತರಿಸಿದಷ್ಟನ್ನು ಶೆಡ್ಡಿನ ಗೋಡೆಗಳು ತುಂಬಿಕೊಟ್ಟಿದ್ದವು. ದನಿ ಪೆಟ್ಟಿಗೆಯಿಂದ ಹೊರಬಿದ್ದ ಮೇಲೂ ಅವು ಅದರ ಕೈ ಹಿಡಿದುಕೊಂಡಿದ್ದವು. ನಾನು ತಲೆಯೆತ್ತಿ ಮೂಲೆಗಾಗಿ ಹುಡುಕಿದೆ. ಕಟ್ಟೆಗೆ ಇದ್ದದ್ದು ಒಂದೇ ಮೂಲೆ. ಕಣಜದ ಎತ್ತರದ ಗೋಡೆಯೂ ಛತ್ರದ ಗೋಡೆಯೂ ಬಂದು ಕೂಡುವ ಜಾಗ. ಅಲ್ಲಿ, ಎರಡು ಪಾದದಷ್ಟು ಸವೆದ ಕಲ್ಲಿನ ಮೇಲೆ, ಕಲ್ಲುಸಕ್ಕರೆ ಚೀಪುತ್ತ ಗುರುಶಾಂತಯ್ಯ ನಿಂತಿದ್ದ. ಅವನ ಅಪ್ಪ ನಿಂತ ಜಾಗ, ತಾತ ನಿಂತ ಜಾಗ.

ನನಗೆ ನಗು ಬಂತು. ಮೂರು ತಿಂಗಳಲ್ಲಿ ಮೊದಲನೇ ಸಲ.

ಏಳೂ ಕಂಬ ದಾಟಿಕೊಂಡು ತಿಪ್ಪಮ್ಮಕ್ಕನ ಹತ್ತಿರಕ್ಕೆ ಹೋಗಿ, ಕೈಯಳತೆಯಲ್ಲಿ ಕೂತು, "ಅಕ್ಕಾ, ಪೆಟ್ಟಿಗೇನ ಆ ಮೂಲೆಗೆ ಇಡಬೇಕು," ಅಂದೆ. ಅವಳು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು, ಮೂಲೆಯನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಮೂವತ್ತು ವರ್ಷ ಅದೇ ಮೂಲೆಯಿಂದ ಬಂದದ್ದನ್ನು ಬರೆದುಕೊಂಡವಳು.

"ಗುರುಶಾಂತಯ್ಯನೋರೆ," ಎಂದು ಅವಳು ಕುಳಿತಲ್ಲಿಂದಲೇ ಕೂಗಿದಳು. "ಸ್ವಲ್ಪ ಸರೀರಿ. ಹುಡುಗ ಪೆಟ್ಟಿಗೆ ಇಡ್ತಾನಂತೆ."

"ಇದು ನಮ್ಮ ವಂಶದ ಜಾಗ ತಿಪ್ಪಮ್ಮ."

"ಮಾತು ಯಾರ ಬಾಯಿಂದ ಬರಬೇಕು ಅಂತ ಪದ್ಧತಿ ಐತೆ. ಯಾವ ಮೂಲೆಯಿಂದ ಅಂತ ಎಲ್ಲೂ ಬರೆದಿಲ್ಲ. ಇದ್ರೆ ತೋರ್ಸಿ, ಪುಸ್ತಕ ನನ್ನ ಹತ್ರಾನೇ ಐತೆ."

ಅವನು ಸರಿದ. ಸರಿಯುವ ಮೊದಲು ಒಂದು ಗಳಿಗೆ ಗೋಡೆಗೆ ಬೆನ್ನು ಒತ್ತಿ ನಿಂತದ್ದನ್ನು ನಾನು ನೋಡಿದೆ. ಆಗ ಅದು ಯಾಕೆಂದು ತಿಳಿಯಲಿಲ್ಲ. ಅಪ್ಪ ಒಂದು ಕಡೆ, ನಾನು ಒಂದು ಕಡೆ ಹಿಡಿದು ಪೆಟ್ಟಿಗೆಯನ್ನು ಆ ಸವೆದ ಕಲ್ಲಿನ ಮೇಲೆ ಕೂರಿಸಿದೆವು.

"ನಾನು ನಂಜುಂಡಾಚಾರಿ," ಅಂದ ಅಪ್ಪ.

ಕಣಜದ ತಗಡಿನ ಮಾಡು ನಡುಗಿತು. ಮೇಲಿದ್ದ ಪಾರಿವಾಳಗಳು ಎದ್ದುಹೋದವು. ಮುಂದೆ ಕೂತಿದ್ದವರ ಚೊಂಬಿನ ನೀರಿನಲ್ಲಿ ಬಳೆ ಬಳೆಯಾಗಿ ಅಲೆ ಎದ್ದಿತು. ಜನ ಕಿವಿ ಮುಚ್ಚಿಕೊಳ್ಳಲಿಲ್ಲ, ಎದೆ ಮುಟ್ಟಿಕೊಂಡರು. ಯಾರೋ ಒಳಗಿನಿಂದ ಬಾಗಿಲು ತಟ್ಟಿದರೇನೋ ಎಂಬಂತೆ. ಆಕಳಿಸುವ ಹಾಗೆ ಬೊಗಳುತ್ತಿದ್ದ ದೊಡ್ಡ ನಾಯಿಯೊಂದು ಎದ್ದು ನಿಂತು ಪೆಟ್ಟಿಗೆಯನ್ನೇ ನೋಡಿತು. ಎಲ್ಲಕ್ಕಿಂತ ಹೆಚ್ಚು ಬೆಚ್ಚಿದ್ದು ಅಪ್ಪ. ಅವನು ಒಂದು ಸಲ ಹಿಂದಕ್ಕೆ ತಿರುಗಿ ನೋಡಿದ, ಬೇರೆ ಯಾರೋ ಇದ್ದಾರೆಂದು. ಆಮೇಲೆ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಾನು ಹೂಂ ಅಂದಿಲ್ಲ. ಸಂದಿಯೋರು ಯಾರೂ ಅಂದಿಲ್ಲ. ಸಂದಿ ಇರ್ಲಿ." ಕಡೆಗೆ, "ಅಷ್ಟೇ," ಅಂದ.

ತಿಪ್ಪಮ್ಮಕ್ಕನ ಪೆನ್ನು ಓಡಿತು. ಅವಳು ಹಳೆಯ ಪುಟ ತೆಗೆದು ಒಂದು ಗೆರೆ ಹೊಡೆದದ್ದು ನನಗೆ ಅಲ್ಲಿಂದಲೇ ಕಂಡಿತು.

ಮೊದಲು ಎದ್ದು ಬಂದವನು ಗಾರೆ ಕೆಲಸದ ದ್ಯಾವಣ್ಣ. ಅಪ್ಪನ ಕೈಯಿಂದ ಮೈಕು ಇಸಕೊಂಡು, "ಹನ್ನೆರಡು ವರ್ಷದ ಹಿಂದೆ ಈ ಕಟ್ಟೇಲಿ ನನ್ನ ಮದುವೆ ಮಾತಾಯ್ತು. ನಾನು ಹೂಂ ಅಂದಿರ್ಲಿಲ್ಲ," ಎಂದು ಗುಡುಗಿದ. ಮೂರನೇ ಕಂಬದ ಬಳಿಯಿಂದ ಅವನ ಹೆಂಡತಿ ಕುಳಿತಲ್ಲಿಂದಲೇ, "ನನ್ನೂ ಯಾರೂ ಕೇಳಿರ್ಲಿಲ್ಲ, ಬಾ ಮನೆಗೆ," ಅಂದಳು. ಊರು ಬಿದ್ದು ಬಿದ್ದು ನಕ್ಕಿತು. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಇನ್ನೊಬ್ಬ, ದಪ್ಪ ದನಿಯವರ ಸಾಲು ಕಟ್ಟೆಯ ಮೆಟ್ಟಿಲು ಇಳಿದು ಬಯಲಿಗೆ ಬಂತು. ಕೆಲವರಿಗೆ ಹೇಳಲು ಏನೂ ಇರಲಿಲ್ಲ. ತಮ್ಮ ಹೆಸರು ಹೇಳಿ, ಕೇಳಿಸಿಕೊಂಡು, ಮೈಕು ಮುಂದಿನವನಿಗೆ ಕೊಟ್ಟು ಹೋಗುತ್ತಿದ್ದರು.

ಗುರುಶಾಂತಯ್ಯ ಕಟ್ಟೆಯ ನಡುವೆ, ನಾವು ಮೊದಲು ಪೆಟ್ಟಿಗೆ ಇಟ್ಟಿದ್ದ ಜಾಗದಲ್ಲಿ ನಿಂತಿದ್ದ. ಅವನು ಕೈಯೆತ್ತಿ ಏನೋ ಹೇಳಿದ. ಯಾರೂ ತಿರುಗಲಿಲ್ಲ. ಇನ್ನೊಮ್ಮೆ ಹೇಳಿದ, ಕತ್ತಿನ ನರ ಉಬ್ಬಿತು. ಮೊದಲನೇ ಕಂಬದವರು ಅವನ ಬಾಯನ್ನು ನೋಡಿ, ಮತ್ತೆ ಸಾಲಿನ ಕಡೆ ತಿರುಗಿಕೊಂಡರು. ನಾನು ನೋಡುತ್ತಲೇ ಇದ್ದೆ. ಅವನೇ ನನ್ನ ಕಡೆ ನಡೆದು ಬಂದ. ಬಂದು ನಿಂತ. ಕೈಯಳತೆಗೆ.

"ಕಾಳಿಂಗಪ್ಪಾ," ಅಂದ. ಅದು ದಪ್ಪ ದನಿ. ಅಪ್ಪನದಕ್ಕಿಂತಲೂ ದಪ್ಪ, ಹಳೆಯ ಬಾಗಿಲಿನ ಕೀಲಿನಷ್ಟು ದಪ್ಪ. ಎಷ್ಟು ವರ್ಷದಿಂದ ಆ ಮೂಲೆ ಅದನ್ನು ಬಚ್ಚಿಟ್ಟಿತ್ತೋ. ಬಾಯಲ್ಲಿ ಕಲ್ಲುಸಕ್ಕರೆ ಇನ್ನೂ ಕರಗಿರಲಿಲ್ಲ. "ಯಾರಿಗೂ ಗೊತ್ತಿಲ್ಲ ಇದು. ನಮ್ಮ ಮನೆಯವಳಿಗೆ ಬಿಟ್ಟರೆ. ಆ ಮೂಲೆ ಇಲ್ದೆ ನಾನು... ನಂಗೂ ಒಂದು ಮಾಡ್ಕೊಡ್ತೀಯಾ? ಚಿಕ್ಕದು ಸಾಕು. ಏನಂತೀಯಪ್ಪಾ?"

ಮೂರು ತಿಂಗಳಿನಿಂದ ನಾನು ಅವನಿಗೊಂದು ಉತ್ತರವನ್ನು ರಂದ ಹೊಡೆದು, ಉಜ್ಜಿ, ನುಣುಪು ಮಾಡಿ ಇಟ್ಟುಕೊಂಡಿದ್ದೆ. ಅದು ನಾಲಿಗೆಯ ತುದಿಗೆ ಬಂದಿತ್ತು. ಅವನಿಗೆ ಚೆನ್ನಾಗಿ ಕೇಳಿಸುತ್ತಿತ್ತು ಕೂಡ. ಅವನ ಕಣ್ಣು ನೋಡಿದೆ. ಹಾಜರಿ ಕರೆಯುವಾಗ ಹಿಂದಿನ ಬೆಂಚಿನಲ್ಲಿ ಕೂತ ಹುಡುಗನ ಕಣ್ಣು.

ನಾನು ಒಂದು ಹೆಜ್ಜೆ ಹಿಂದಕ್ಕಿಟ್ಟೆ. ಅವನ ಬಾಯಿ ಆಡುತ್ತಲೇ ಇತ್ತು, ದನಿ ನಿಂತಿತ್ತು. ಮೆಟ್ಟಿಲಿಳಿದು, ಸಾಲಿನಲ್ಲಿ ನಿಂತವರ ನಡುವೆ ದಾರಿ ಮಾಡಿಕೊಂಡು, ಚಿಕ್ಕ ಪೆಟ್ಟಿಗೆಗೆ ಎಷ್ಟು ಗೇಣು ಬೇಕಾದೀತು ಎಂದು ಲೆಕ್ಕ ಹಾಕುತ್ತ, ಸೊಟ್ಟ ಸಂದಿಯ ಕಡೆ ನಡೆದೆ.